ಸಕ್ಕರೆ ಡಬ್ಬಿಯ ಮುಚ್ಚಳ ಕದ್ದವಳು ನಾನೇ

ಮಾವ,

ಮೊದಲು ಗೇಟಿಗೆ ಒಳಗಿಂದ ಬೀಗ ಹಾಕಿ, ಆಮೇಲೆ ಇದನ್ನು ಓದಿ. ಹನ್ನೊಂದಕ್ಕೆ ಗುಜರಿಯವನು ಬಂದರೆ ಕಾರು ಕೊಡಲ್ಲ ಅಂತ ಹೇಳಿ ಕಳಿಸಿ. ರಿಂಗ್ ಎಲ್ಲೂ ಸಿಗಲ್ಲ, ಇಂಜಿನ್ ಇನ್ನು ಓಡಲ್ಲ ಅಂತ ಬೇಜಾರಲ್ಲಿ ಅವನಿಗೆ ಮಾತು ಕೊಟ್ಟಿರಿ, ಸರಿ. ಆದರೆ ಪಿಸ್ಟನ್ ರಿಂಗ್ ಸಿಕ್ಕಿದೆ! ನಾಲ್ಕೂ ಸಿಲಿಂಡರಿಗೆ! ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ನೋಡಿ ಬೈಬೇಡಿ.

ಸಕ್ಕರೆ ಡಬ್ಬಿಯ ಮುಚ್ಚಳ ಕದ್ದವಳು ನಾನೇ. ಪಾಪ, ಬೆಕ್ಕಿನ ತಪ್ಪೇನಿಲ್ಲ. ನೀವು ಇಂಜಿನ್ ಬಿಚ್ಚಿದ ದಿನ ಆ ಮುಚ್ಚಳ ಹೇಳಿ ಮಾಡಿಸಿದ ಹಾಗೆ ಸಿಲಿಂಡರಿನೊಳಗೆ ಕೂತಿತು. ಅವತ್ತಿಂದ ಅಳತೆಗೆ ಅಂತ ಅದನ್ನೂ ಹಳೇ ರಿಂಗಿನ ಒಂದು ತುಂಡನ್ನೂ ಚೀಲದಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಸುತ್ತಿದ್ದೀನಿ. ಕಾರಿನ ಅಂಗಡಿಯವರೆಲ್ಲ ಹಲ್ಲು ಕಿಸಿದರು. ನೀರಿನ ಪಂಪ್ ರಿಪೇರಿಯವರು ಮಾತ್ರ ಎರಡನ್ನೂ ಇಸ್ಕೊಂಡರು. ಈಗ ತಾನೇ ಫೋನ್ ಮಾಡಿ, "ಯಾವುದೋ ಹಳೇ ಪಂಪಿನ ರಿಂಗು ಕಣಮ್ಮಾ, ಅಳತೇನೂ ಸರಿ, ದಪ್ಪಾನೂ ಸರಿ, ಬೇಗ ಬಾ" ಅಂದರು. ಆ ಗಡಿಬಿಡಿಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಗಿದೆ. ಬಂದು ಒರೆಸ್ತೀನಿ. ಉಳಿದ ಹಾಲು ಬೆಕ್ಕಿಗೆ ಹಾಕಿ, ಮೂರು ತಿಂಗಳು ಬೈಸಿಕೊಂಡಿದೆ.

ನಿಮ್ಮ ಮಗನಿಗೆ ಫೋನ್ ಮಾಡಿ ಹೇಳಿಬಿಡಬೇಡಿ. ಅವರ ಮುಖ ಹೇಗಾಗುತ್ತೆ ಅಂತ ನಾನೇ ನೋಡಬೇಕು.

ಗುಜರಿಯವನು ಜಗ್ಗದಿದ್ದರೆ ಹೋಗಿ ಕಾರಿನಲ್ಲಿ ಕೂತುಬಿಡಿ. ಪೇಪರ್ ಓದೋಕೆ ಅಂತ ದಿನಾ ಬೆಳಿಗ್ಗೆ ಕೂರ್ತೀರಲ್ಲ, ಹಾಗೆ. ಅಡುಗೆಮನೆ ಕಿಟಕಿಯಿಂದ ಎಲ್ಲಾ ಕಾಣುತ್ತೆ ಮಾವ, ನೀವು ಸ್ಟೀರಿಂಗ್ ತಿರುಗಿಸೋದೂ, ಬಾಯಲ್ಲೇ ಹಾರ್ನ್ ಹೊಡೆಯೋದೂ.