ಶರಾವತಿ ವಾರ್ಡಿನೊಳಗೆ ಬರಲಿಲ್ಲವೇಕೆ

ಹೊಸಮನೆ, ಶಿವಮೊಗ್ಗ
ಸೋಮವಾರ

ಚಿರಂಜೀವಿ ತಮ್ಮ ಶಿವರಾಜನಿಗೆ ಅಕ್ಕ ಪುಟ್ಟಲಕ್ಷ್ಮಿಯ ಆಶೀರ್ವಾದ.

ಕಾಗದದ ಮೊದಲಿಗೆ ನಾವೆಲ್ಲ ಕ್ಷೇಮ ಎಂದು ಬರೆಯಬೇಕೆಂದು ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದರು. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ಏಳನೇ ಕ್ಲಾಸಿಗೇ ಬಿಟ್ಟವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದು. ಫೋನಿನಲ್ಲಿ ಎರಡು ಸಲ ಹೇಳಲು ನೋಡಿದೆ. ಎರಡು ಸಲವೂ ನೀನು, "ಅವಳ ವಿಷ್ಯ ಎತ್ಬೇಡ ಅಕ್ಕ. ಅಪ್ಪ ಸಾಯೋ ಹಾಗೆ ಮಲಗಿದ್ರೂ ಬಂದು ಮುಖ ನೋಡ್ದೇ ಇರೋ ಮಗಳು ಎಲ್ಲಿದ್ರೇನು" ಅಂದು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಮಾತಿನ ಮಧ್ಯೆ ಕತ್ತರಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಿನ್ನ ಅಂಗಡಿಯ ವಿಜಯಕುಮಾರ ತಾಮ್ರದ ತಂತಿ ತರಲು ಗಾಂಧಿ ಬಜಾರಿಗೆ ಬರುತ್ತಾನೆ. ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಗುರುವಾರ ನೀನು ಆಪರೇಷನ್ನಿಗೆಂದು ಮಂಗಳೂರಿಗೆ ಹೊರಡುವ ಮೊದಲು ಇದನ್ನು ಪೂರ್ತಿ ಓದಬೇಕು.

ನಿನ್ನ ಚಿಕ್ಕ ಮಗಳು ಶರಾವತಿಗೆ ನಿನ್ನ ಮೇಲೆ ಪ್ರೀತಿಯಿಲ್ಲ ಎಂದು ನೀನು ತಿಳಿದಿದ್ದೀಯ. ಎಂಟು ದಿನ ಇಲ್ಲಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರೂ ಒಳಗೆ ಒಂದು ಹೆಜ್ಜೆ ಇಡಲಿಲ್ಲ, ನಿನ್ನನ್ನು ಭದ್ರಾವತಿಯ ಮನೆಗೆ ಕರೆದುಕೊಂಡು ಹೋದಾಗ ಕಾರು ಹತ್ತದೆ ನನ್ನ ಸೆರಗು ಹಿಡಿದು ಇಲ್ಲೇ ಉಳಿದಳು ಎಂದು ನಿನಗೆ ನೋವು. ಆ ನೋವು ನ್ಯಾಯವೇ. ಆದರೆ ಅವಳೇಕೆ ಬರಲಿಲ್ಲ ಎನ್ನುವುದು ನನಗೂ ಮೊನ್ನೆ ಶನಿವಾರದವರೆಗೆ ಗೊತ್ತಿರಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ.

ಶಿವು, ನೀನು ಕೆಟ್ಟ ಅಪ್ಪ ಅಂತ ಹೇಳಲು ನಾನು ಕೂತಿಲ್ಲ. ಸಂಧ್ಯಾ ಏಳು ಗಂಟೆಗೆ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋದ ಮೇಲೆ ಆ ಎರಡು ಮಕ್ಕಳ ಬೆಳಗನ್ನೆಲ್ಲ ನೋಡಿಕೊಳ್ಳುವವನು ನೀನೇ. ದೋಸೆ ಹೊಯ್ದು ಕೊಡುವುದು, ಹೋಂವರ್ಕಿಗೆ ಸಹಿ ಹಾಕುವುದು, ಒಂದು ಕಾಲಿನ ಸಾಕ್ಸಿಗಾಗಿ ಮಂಚದ ಕೆಳಗೆ ತೆವಳುವುದು. ದಿನವಿಡೀ ಪಂಪಿನ ಮೋಟರಿಗೆ ತಂತಿ ಸುತ್ತುವ ಕೈಯಲ್ಲಿ ಇಬ್ಬರಿಗೂ ಎರಡೆರಡು ಜಡೆ ಹಾಕುತ್ತೀಯ. ಸಂಜೆಯವರೆಗೆ ಒಂದು ಕೂದಲು ಸಡಿಲವಾಗುವುದಿಲ್ಲ. ಇಲ್ಲಿ ನಾನು ಬಾಚಲು ಕೂತರೆ ಶರು ತಲೆ ಕೊಡುವುದೇ ಇಲ್ಲ. "ನಿಮ್ಮದು ಮೆತ್ತಗೆ ಅತ್ತೆ, ಅಪ್ಪ ಬಿಗಿಯಾಗಿ ಹಾಕ್ತಾರೆ" ಅನ್ನುತ್ತಾಳೆ. ಪ್ರೀತಿಯಿಲ್ಲದ ಮಗುವಿನ ಮಾತೇ ಇದು?

ಇನ್ನು ನಿನ್ನ ಕ್ರಿಕೆಟ್ಟು. ನಮ್ಮ ಮನೆಯಲ್ಲಿ ದೇವರಿಗೂ ನಾನು ಅಷ್ಟು ನೇಮ ಮಾಡಿದವಳಲ್ಲ. ಬೆಂಗಳೂರು ಟೀಮಿನ ಮ್ಯಾಚೆಂದರೆ ನಿನಗೆ ಒಗೆಯದ ಅದೇ ಕೆಂಪು ಜರ್ಸಿ, ಅದೇ ಪ್ಲಾಸ್ಟಿಕ್ ಕುರ್ಚಿ, ದೊಡ್ಡವಳು ಸುಶ್ಮಿತಾ ನಿನ್ನ ಎಡಕ್ಕೆ ಕೂತು ಹೆಬ್ಬೆರಳು ಹಿಡಿದಿರಬೇಕು. ಅವಳಿಗೆ ಉಚ್ಚೆ ಬಂದರೂ ಓವರ್ ಮುಗಿಯುವ ತನಕ ಏಳುವಂತಿಲ್ಲ. ನಿನ್ನ ಕಾಟಕ್ಕೆ ನಾನೂ ಒಮ್ಮೆ ಆಂಜನೇಯನಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದೆ. ಅರ್ಚಕರು ಯಾರ ಹೆಸರಿಗೆ ಅಮ್ಮ ಅಂದರೆ ಏನು ಹೇಳುವುದು? ಮನೆಯ ಹುಡುಗರು ಅಂದೆ.

ಎರಡು ವರ್ಷದ ಹಿಂದೆ ರಜಕ್ಕೆಂದು ನಾನು ನಿಮ್ಮ ಮನೆಯಲ್ಲಿದ್ದಾಗಲೇ ಅದು ಶುರುವಾಯಿತು. ನಿನಗೆ ನೆನಪಿದೆಯೋ ಇಲ್ಲವೋ. ಶರುಗೆ ಆಗ ಆರು ವರ್ಷ. ಮಂಡಕ್ಕಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚೆಲ್ಲದಂತೆ ನಡುಮನೆಗೆ ಬಂದಳು. ಅದೇ ಹೊತ್ತಿಗೆ ವಿಕೆಟ್ಟು ಬಿತ್ತು. "ಏ ಶಿವಣ್ಣ, ನಿನ್ ಮಗ್ಳು ಕಾಲಿಟ್ಲು, ಅವ್ನು ಔಟಾದ" ಅಂದ ವಿಜಯಕುಮಾರ. ನೀನು ನಗುತ್ತಲೇ, "ಹೋಗೇ ಮಾರಾಯ್ತಿ, ಆಚೆ ಹೋಗಿ ಕೂತ್ಕೋ" ಅಂದೆ. ಅವಳು ಹೋಗಿ ಬಾಗಿಲಾಚೆ ಚಪ್ಪಲಿ ಬಿಡುವಲ್ಲಿ ಕೂತಳು. ಮುಂದಿನ ಓವರಿನಲ್ಲಿ ಎರಡು ಸಿಕ್ಸರು ಬಂದವು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅಲ್ಲಿಂದ ಅದೇ ಅವಳ ಜಾಗವಾಯಿತು. "ಅಪ್ಪಾ, ಎಷ್ಟಾಯ್ತು?" ಎಂದು ಅವಳು ಹೊರಗಿನಿಂದ ಕೂಗುವುದು, "ಬರ್ಬೇಡ, ಬರ್ಬೇಡ, ಅಲ್ಲಿಂದ್ಲೇ ಕೇಳು!" ಎಂದು ನೀನು ಒಳಗಿನಿಂದ ಕೂಗುವುದು. ಗೆದ್ದರೆ ಓಡಿಹೋಗಿ ಅವಳನ್ನು ಹೆಗಲ ಮೇಲೆ ಹೊತ್ತು, "ಇವತ್ತು ಗೆಲ್ಸಿದ್ದು ನಮ್ಮ ಶರೂನೇ" ಎಂದು ಗೋಬಿ ಗಾಡಿಯವರೆಗೆ ಮೆರವಣಿಗೆ ಮಾಡುತ್ತಿದ್ದೆ. ಅವಳಿಗೆ ಅದು ಬೇಜಾರೇ ಆಗಿರಲಿಲ್ಲ ಶಿವು. ನನ್ನ ಹತ್ತಿರ ಜಂಬ ಕೊಚ್ಚಿಕೊಂಡಿದ್ದಳು, "ಅಕ್ಕಂದು ಒಳಗಿನ ಡ್ಯೂಟಿ ಅತ್ತೆ, ನಂದು ಹೊರಗಿನ ಡ್ಯೂಟಿ" ಎಂದು. ತಾನು ಒಳಗೆ ಕಾಲಿಟ್ಟರೆ ಕೆಡುತ್ತದೆ, ದೂರವಿದ್ದರೆ ಒಳ್ಳೆಯದಾಗುತ್ತದೆ. ಆಟವೆಂದು ನಾವು ತಿಳಿದದ್ದನ್ನು ಆ ಮಗು ಪಾಠವೆಂದು ಕಲಿತಿತು.

ನೀನು ಬಿದ್ದ ಆ ಭಾನುವಾರ ಮಧ್ಯಾಹ್ನದ ಮ್ಯಾಚು. ನಿನಗೆ ಆಮೇಲಿನದು ಯಾವುದೂ ನೆನಪಿಲ್ಲ ಅಂದೆ. ಅವಳಿಗೆ ಎಲ್ಲಾ ನೆನಪಿದೆ. ಉರಿ ಸೆಕೆ, ಮೆಟ್ಟಿಲು ಕಾದಿತ್ತು, ಬಾಯಾರಿಕೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಬೇಕಾದರೆ ನಡುಮನೆ ದಾಟಲೇಬೇಕು. ನಿನ್ನ ಕುರ್ಚಿಯ ಹಿಂದೆ ಬೆರಳ ತುದಿಯಲ್ಲಿ ನಡೆದು ಹೋದಳಂತೆ. ವಿಕೆಟ್ಟು ಬಿತ್ತು. ನೀನು ತಿರುಗಿ ನೋಡಿ, "ನೀನ್ಯಾಕೆ ಬಂದೆ" ಅಂದೆ. ಅಂದು ಎದ್ದು ನಿಂತವನು ಎದೆ ಹಿಡಿದುಕೊಂಡು ಬಿದ್ದೆ. ಅವಳು ಕೇಳಿದ ನಿನ್ನ ಕೊನೆಯ ಮಾತು ಅದೇ. ಆಮೇಲೆ ಇಲ್ಲಿಯವರೆಗೆ ನಿಮ್ಮಿಬ್ಬರ ಮಧ್ಯೆ ಒಂದು ಮಾತೂ ಆಗಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಮೂರನೇ ದಿನ ನರ್ಸಮ್ಮ ಮಕ್ಕಳನ್ನು ಐದು ನಿಮಿಷ ಬಿಡುತ್ತೇನೆ ಅಂದರು. ಸುಶ್ಮಿತಾ ಹೋಗಿ ಬಂದಳು. ಶರು ಒಲ್ಲೆನೆಂದು ಗೋಡೆಗೆ ಅಂಟಿಕೊಂಡಳು. ಹೆದರಿದ್ದಾಳೆಂದು ನಾನೇ ಕೈಹಿಡಿದು ಬಾಗಿಲವರೆಗೆ ಎಳೆದುಕೊಂಡು ಬಂದೆ. ಅವಳು ಒಂದು ಕಾಲು ಒಳಗಿಟ್ಟಳು, ನಿನ್ನ ಮಂಚದ ಪಕ್ಕದ ಮಿಷನ್ನು ಕೂಗತೊಡಗಿತು. ನರ್ಸಮ್ಮ ಓಡಿದರು. ನಿನ್ನ ಬೆರಳಿಗೆ ಹಾಕಿದ್ದ ಕ್ಲಿಪ್ಪು ಜಾರಿತ್ತು, ಅಷ್ಟೇ. ಅದು ಗೊತ್ತಾದದ್ದು ಆಮೇಲೆ. ಆ ಗಳಿಗೆಯಲ್ಲಿ ನಾನು, ನಿನ್ನ ಅಕ್ಕ, ಒಂದು ಕೈಯಲ್ಲಿ ಆಂಜನೇಯನ ಪ್ರಸಾದ ಹಿಡಿದುಕೊಂಡು ಇನ್ನೊಂದು ಕೈಯನ್ನು ಆ ಮಗುವಿನ ಎದೆಯ ಮೇಲಿಟ್ಟು ಹಿಂದಕ್ಕೆ ನೂಕಿದೆ. "ಬೇಡ, ನೀನು ಬರ್ಬೇಡ" ಅಂದೆ.

ಯಾಕೆ ಹಾಗಂದೆ ಎಂದು ಮೊನ್ನೆಯಿಂದ ದೇವರ ಮುಂದೆ ಕೂತು ಕೇಳಿಕೊಳ್ಳುತ್ತಿದ್ದೇನೆ. ನಾನು ಶಕುನ ನೋಡುವವಳು, ನಿನಗೆ ಗೊತ್ತು. ಹೊರಟಾಗ ಬೆಕ್ಕು ಅಡ್ಡ ಬಂದರೆ ಒಳಗೆ ಬಂದು ನೀರು ಕುಡಿದೇ ಹೋಗುತ್ತೇನೆ. ಐವತ್ತು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡಲಾರೆ. ಆದರೆ ಮಗುವನ್ನು ಬೆಕ್ಕಿನ ಜಾಗದಲ್ಲಿ ನಿಲ್ಲಿಸಿದೆನಲ್ಲ! ದೇವರು ಇದನ್ನು ಮೆಚ್ಚುತ್ತಾನೆಯೇ? ಮೆಚ್ಚುವುದಿಲ್ಲ. ಇದೊಂದು ಮಾತ್ರ ನನಗೆ ಯಾರೂ ಹೇಳದೆ ಗೊತ್ತಿದೆ.

ಅವಳು ನಮ್ಮಲ್ಲಿಗೆ ಬಂದು ಮೂರು ವಾರವಾಯಿತು. ಭಾವ ಟೀವಿ ಹಾಕಿದರೆ ಎದ್ದು ಹೊರಗಿನ ಮೆಟ್ಟಿಲಿಗೆ ಹೋಗುತ್ತಾಳೆ. ನಿನ್ನ ಫೋನು ಬಂದರೆ ಹಿತ್ತಲಿಗೆ ಓಡುತ್ತಾಳೆ, ತನ್ನ ದನಿಯೂ ನಿನಗೆ ತಾಗಬಾರದೆಂದು. ನೀನು ಅದನ್ನು ಕೊಬ್ಬು ಅಂದುಕೊಂಡೆ. ಫೋನಿಟ್ಟ ಮೇಲೆ ಮೆಲ್ಲಗೆ ಬಂದು, "ಅಪ್ಪ ಊಟ ಮಾಡಿದ್ರಂತಾ? ನಡೆದ್ರಂತಾ?" ಎಂದು ಒಂದೊಂದೇ ಕೇಳುತ್ತಾಳೆ. ನೀನು ಯಾರ ಕೈಯೂ ಹಿಡಿಯದೆ ಬಾಗಿಲವರೆಗೆ ನಡೆದೆ ಎಂದು ಹೇಳಿದ ದಿನ, "ನೋಡಿದ್ರಾ, ನಾನು ಇಲ್ಲಿದೀನಲ್ಲ, ಅದಕ್ಕೇ" ಅಂದಳು. ಆಗಲೂ ನನಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಹೂಬತ್ತಿ ಹೊಸೆಯುತ್ತಿದ್ದೆ. ಅವಳು ಹತ್ತಿ ಬಿಡಿಸಿ ಕೊಡುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅತ್ತೆ, ಅಪ್ಪ ಸತ್ತೋದ್ರೆ ಆಗ ನಾನು ಒಳಗೆ ಹೋಗ್ಬೋದಾ? ಆಮೇಲೆ ಏನೂ ಆಗಲ್ಲ ಅಲ್ವಾ."

ಶಿವು, ಬತ್ತಿಯನ್ನು ಅಲ್ಲೇ ಇಟ್ಟು ಅವಳನ್ನು ಹತ್ತಿರ ಕೂರಿಸಿಕೊಂಡೆ. ಒಂದೊಂದಾಗಿ ಕೇಳಿ ಎಲ್ಲವನ್ನೂ ಬಿಡಿಸಿದೆ. ನೀರು ಕುಡಿಯಲು ಬಂದದ್ದು, ನೀನಂದ ಮಾತು, ಎಲ್ಲ. ಅಪ್ಪಿಕೊಂಡು ಹೇಳಿದೆ, ಅದೆಲ್ಲ ಸುಳ್ಳು ಪುಟ್ಟಾ, ಆಟಕ್ಕೆ ಅಂದದ್ದು, ಅಪ್ಪನಿಗೆ ಬಂದದ್ದು ಎದೆಯ ಕಾಯಿಲೆ, ರಕ್ತದ ನಾಳ ಕಟ್ಟಿಕೊಂಡದ್ದು, ನಿನ್ನಿಂದ ಏನೂ ಆಗಿಲ್ಲ. ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ, "ಹಾಗಾದ್ರೆ ಆಸ್ಪತ್ರೇಲಿ ನೀವ್ಯಾಕೆ ನೂಕಿದ್ರಿ?" ಅಂದಳು.

ನನ್ನ ಮಾತು ಇನ್ನು ಅವಳಿಗೆ ಹತ್ತುವುದಿಲ್ಲ. ಸಂಧ್ಯಾ ಹೇಳಿದರೂ ಹತ್ತುವುದಿಲ್ಲ. ಹೊರಗೆ ಕೂರಿಸಿದವನು ನೀನು, ನೀನೇ ಬರಬೇಕು.

ಗುರುವಾರಕ್ಕೆ ಮೊದಲೇ ಏಕೆ ಅನ್ನುವುದನ್ನೂ ಬರೆದುಬಿಡುತ್ತೇನೆ. ಅಕ್ಕ ಕೆಟ್ಟ ಮಾತು ಆಡಿದಳು ಅನ್ನಬೇಡ. ಎದೆ ತೆರೆದು ಮಾಡುವ ಆಪರೇಷನ್ನು. ನಾನು ಹರಕೆ ಹೊತ್ತಿದ್ದೇನೆ, ದೇವರು ಕೈಬಿಡಲಾರ. ಆದರೂ ನಿನಗೇನಾದರೂ ಆದರೆ, ತಾನೇ ಅಪ್ಪನನ್ನು ಕೊಂದೆ ಎಂದು ಆ ಮಗು ಬದುಕಿರುವಷ್ಟು ದಿನ ಅಂದುಕೊಳ್ಳುತ್ತದೆ. ನೀನು ಚೆನ್ನಾಗಿ ಎದ್ದು ಬಂದರೆ, ತಾನು ದೂರ ಇದ್ದದ್ದಕ್ಕೇ ಅಪ್ಪ ಉಳಿದರು ಅಂದುಕೊಂಡು ಇನ್ನೂ ದೂರ ಹೋಗುತ್ತದೆ. ಎರಡರಲ್ಲಿ ಯಾವುದಾದರೂ ನಾವು ಅವಳನ್ನು ಕಳೆದುಕೊಳ್ಳುತ್ತೇವೆ. ಆಪರೇಷನ್ ಆದ ಮೇಲೆ ಮಾತಾಡೋಣ ಎಂದು ತಳ್ಳಿಹಾಕುವ ವಿಷಯ ಇದಲ್ಲ ತಮ್ಮಾ.

ಮಂಗಳೂರಿಗೆ ಹೋಗುವ ಕಾರು ಹೇಗೂ ಶಿವಮೊಗ್ಗದ ಮೇಲೇ ಬರಬೇಕು. ಒಂದು ಗಂಟೆ ಮೊದಲು ಹೊರಡು. ಸಂಧ್ಯಾಳಿಗೂ ಸುಶ್ಮಿತಾಳಿಗೂ ಕಾರಿನಲ್ಲೇ ಇರಲು ಹೇಳು. ಅವಳನ್ನು ಒಳಗೆ ಕರೆ ಎಂದು ನನಗೆ ಹೇಳಬೇಡ, ಅವಳು ಬರುವುದಿಲ್ಲ. ಅವಳು ಕೂರುವಲ್ಲಿಗೆ ನೀನು ಹೋಗು. ನಮ್ಮ ಮನೆಗೆ ಇರುವುದು ಎರಡೇ ಮೆಟ್ಟಿಲು, ಡಾಕ್ಟರು ಬೈಯುವಷ್ಟಲ್ಲ. ನಿನ್ನನ್ನು ನೋಡಿದರೆ ಎದ್ದು ಓಡಲು ನೋಡುತ್ತಾಳೆ, ಹಿಡಿದುಕೋ. ಏನು ಹೇಳಬೇಕೋ ನನಗೆ ತಿಳಿಯದು. ತಪ್ಪಾಯಿತು ಅಂದರೂ ಸರಿ, ಏನೂ ಹೇಳದಿದ್ದರೂ ಸರಿ. ನಿನ್ನ ಎದೆಗೆ ಅವಳ ಕಿವಿ ಒತ್ತಿಕೋ. ತಾನು ಇಷ್ಟು ಹತ್ತಿರ ಇದ್ದರೂ ಒಳಗೆ ಬಡಿಯುತ್ತಲೇ ಇದೆ ಎನ್ನುವುದು ಅವಳಿಗೆ ಕೇಳಬೇಕು. ಸಾಕು ಅಂತ ಅವಳೇ ಬಿಡಿಸಿಕೊಳ್ಳುವವರೆಗೆ ಬಿಡಬೇಡ. ಮಂಗಳೂರಿಗೆ ತಡವಾದರೆ ಆಗಲಿ.

ನೀನು ಬರುತ್ತೀಯೆಂದು ಅವಳಿಗೆ ನಾನು ಹೇಳುವುದಿಲ್ಲ. ಹೇಳಿದರೆ ನಿನ್ನನ್ನು ಉಳಿಸಲೆಂದು ಎಲ್ಲಿಯಾದರೂ ಅಡಗಿಕೊಂಡುಬಿಡುತ್ತಾಳೆ. ಕಾರನ್ನು ಬೀದಿಯ ತಿರುವಿನಲ್ಲೇ ನಿಲ್ಲಿಸಿ, ಸದ್ದು ಮಾಡದೆ ನಡೆದು ಬಾ.

ನೂರು ವರ್ಷ ಬಾಳು. ಆಂಜನೇಯ ನಿನ್ನ ಎದೆಯನ್ನೂ ಅವಳ ಎದೆಯನ್ನೂ ಕಾಯಲಿ.

ತಪ್ಪು ಮಾಡಿದ ನಿನ್ನ ಅಕ್ಕ,
ಪುಟ್ಟಲಕ್ಷ್ಮಿ