ಊಟದ ನಡುವಿನ ಮಾತ್ರೆ

ಅಕ್ಕಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನನ್ನು ಕೊಂಡೊಯ್ದ ಕಾಯಿಲೆಯೇ ನನಗೂ ಬಂದಿದೆ. ಶ್ವಾಸಕೋಶ ಒಳಗೊಳಗೇ ಗಾಯದ ಕಲೆಯಂತೆ ಗಟ್ಟಿಯಾಗುತ್ತಿದೆಯಂತೆ. ನೀನು ನುಂಗುತ್ತಿದ್ದ ಮಾತ್ರೆಯನ್ನೇ ಡಾಕ್ಟರು ಇವತ್ತು ಬರೆದುಕೊಟ್ಟರು.

"ಇದರಿಂದ ವಾಸಿ ಆಗಲ್ಲಮ್ಮ. ಬೇಗ ಹೆಚ್ಚಾಗದ ಹಾಗೆ ತಡಿಯುತ್ತೆ, ಅಷ್ಟೇ."

"ಎಷ್ಟು ದಿನ ತಗೋಬೇಕು?"

"ಇರೋವರೆಗೂ."

ಮನೆಗೆ ಬಂದು ಊಟಕ್ಕೆ ಕೂತರೆ, ಮಾತ್ರೆ ಹಿಡಿದ ಕೈ ಬಾಯಿಯವರೆಗೆ ಏಳಲೇ ಇಲ್ಲ. ಈ ಮಾತ್ರೆ ಶುರುವಾದ ಮೇಲೆ ನೀನು ತಿಂದದ್ದೆಲ್ಲ ಕಕ್ಕಿಕೊಂಡು, ಎಳೆ ಬಿಸಿಲಿಗೂ ಮೈ ಸುಟ್ಟುಕೊಂಡು, ಕಡ್ಡಿಯಾದದ್ದು ಕಣ್ಣಮುಂದೆ ಬಂತು. ಮಗಳು ಬೆನ್ನು ಸವರುತ್ತ, "ಎರಡು ತುತ್ತು ತಿಂದು ನುಂಗಮ್ಮ, ವಾಂತಿ ಕಡಿಮೆಯಂತೆ. ನಾನಿಲ್ವಾ?" ಎಂದಳು. ಕಣ್ಣು ಮುಚ್ಚಿ ನುಂಗಿದೆ.

ಅವಳಿನ್ನೂ ಪಕ್ಕದಿಂದ ಎದ್ದಿಲ್ಲ. ಅಕ್ಕಾ, ಮೊದಲ ಮಾತ್ರೆ ನುಂಗಿದಾಗ ನಿನ್ನ ಪಕ್ಕದಲ್ಲಿ ಯಾರಿದ್ದರು?