ನಾಲ್ಕನೆಯ ಬದಿ ಹೊಲಿಯದ ಮೆತ್ತೆ

ಗಾಳಿಬೀಡು
ಫೆಬ್ರವರಿ ೯, ೧೯೩೬

ನನ್ನ ಬೆನ್ನಿಗೆ ಬಿದ್ದ ತಮ್ಮ ಪದ್ಮಯ್ಯನಿಗೆ ಅಕ್ಕ ನೀಲಾವತಿ ಮಾಡುವ ಆಶೀರ್ವಾದ.

ಮೈಸೂರಿನ ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ಕಳಿಸುತ್ತಾರೆಂದು ನಾಣಯ್ಯ ಬಂದು ಹೇಳಿದ. ನಿಮ್ಮ ಎಸ್ಟೇಟಿನ ಈ ಮೇಸ್ತ್ರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಏನೂ ಅಡ್ಡಿಲ್ಲೆ ಅಕ್ಕಾ" ಎನ್ನುವಾಗ ಮಾಡಿನ ಹೆಂಚು ಎಣಿಸುತ್ತಿದ್ದ. ಅವ್ವ ಒಳಗೆ ಹೋದ ಮೇಲೆ, ಇನ್ನು ಅಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲವೆಂದು ಡಾಕ್ಟರು ಹೇಳಿದ್ದನ್ನೂ ಹೇಳಿದ. ನೀನು ಕೊಟ್ಟ ಬಟ್ಟೆಗಂಟನ್ನೂ ಚೀಟಿಯನ್ನೂ ಕೊಟ್ಟು ಹೋದ.

ಚೀಟಿಯಲ್ಲಿ ಎರಡೇ ಸಾಲು. ಬೆತ್ತದ ಹೆಣಿಗೆ ಮೂಳೆಗೆ ಒತ್ತುತ್ತದೆ, ನನ್ನ ಉದ್ದ ಕುರ್ಚಿಗೆ ಒಂದು ಮೆತ್ತೆ ಹೊಲಿದಿಡು ಅಂತ. ವಿಲಾಯಿತಿಗೆ ಹೊರಟ ಎಸ್ಟೇಟಿನ ದೊರೆಯ ಬಂಗಲೆಯಿಂದ ಆ ಕುರ್ಚಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದ ದಿನ ನಿನ್ನ ಜಂಬ ನೋಡಬೇಕಿತ್ತು! ಕುರ್ಚಿಯ ಉದ್ದ ಕೈಗಳ ಮೇಲೆ ಕಾಲು ಚಾಚಿ, ನಮಗೇ ಆರ್ಡರು ಮಾಡುತ್ತಿದ್ದೆ. ಮೆತ್ತೆ ಬೇಡವೇನೋ ಎಂದರೆ, ನನ್ನ ಮೈಯಲ್ಲೇ ಇದೆಯಲ್ಲ ಎಂದಿದ್ದೆ. ನಿಜವೇ. ನನ್ನ ಮದುವೆಯಲ್ಲಿ ಬೆಂಚು ಮುರಿದವನು ನೀನು.

ಚೀಟಿ ಬಂದ ಮರುದಿನವೇ ಕುರ್ಚಿಯ ಅಳತೆಯನ್ನು ದಾರದಲ್ಲಿ ಹಿಡಿದು ಮಡಿಕೇರಿ ಪೇಟೆಗೆ ಹೋದೆ. ಪಟ್ಟೆ ಬಟ್ಟೆ ಕತ್ತರಿಸುವ ಮೊದಲು ದರ್ಜಿ ಸಾಯ್ಬರು ಕೇಳಿದರು: "ಕುರ್ಚಿ ಅಳ್ತೆ ಸರಿ ಅಮ್ಮಾ, ಕೂತ್ಕೊಳ್ಳೋರು ಎಷ್ಟ್ ದಪ್ಪ ಇದಾರೆ? ಭಾರದೋರಿಗೆ ಹತ್ತಿ ಗಟ್ಟಿ ತುಂಬ್ಬೇಕು. ಹಗುರ ಇದ್ದೋರಿಗೆ ಹಂಗೆ ತುಂಬಿದ್ರೆ ಮೇಲೇ ನಿಂತ್ಬಿಡ್ತಾರೆ, ಕಾಲು ನೆಲ ಮುಟ್ಟಲ್ಲ." ಹೊಲಿಗೆ ನಾನೇ ಮಾಡುತ್ತೇನೆಂದು ಬಟ್ಟೆ ಮಾತ್ರ ತಂದೆ.

ನೀನು ಬಂದ ಮೇಲೆ ನಿನ್ನ ಸೊಂಟದ ಅಳತೆ ತೆಗೆದು ಹೊಲಿಯೋಣವೇ ಎಂದು ಅವ್ವನನ್ನು ಕೇಳಿದೆ. ತರಕಾರಿ ಹೆಚ್ಚುತ್ತಿದ್ದ ಕತ್ತಿ ಕೆಳಗಿಟ್ಟು ಬೇಡವೆಂದರು. "ಬೊತ್ತು ಮಗಾ, ಸೀಕಿನವರ ಅಳತೆ ತೆಗಿಯಕೆ ಬೊತ್ತು. ಅದ್ ಗುಂಡಿ ತೋಡವರ ಕೆಲ್ಸ." ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರ ಮೈಗೆ ದಾರ ತಾಗಿಸುವುದಿಲ್ಲ, ನಿನಗೂ ಗೊತ್ತು. ಹಾಗಾಗಿ ನನಗೆ ಗೊತ್ತಿದ್ದ ಪದ್ಮಯ್ಯನಿಗೇ ಹೊಲಿದೆ. ಬೂರುಗದ ಹತ್ತಿಯನ್ನು ಮುಷ್ಟಿಯಲ್ಲಿ ಗುದ್ದಿ ಗುದ್ದಿ ತುಂಬಿದೆ. ಮುಗಿದಾಗ ಬೆಂಚು ಮುರಿಯುವವನು ಕೂತರೂ ಅಲುಗದ ಮೆತ್ತೆಯಾಗಿತ್ತು. ಎಷ್ಟು ಖುಷಿಪಟ್ಟೆ, ಹುಚ್ಚಿ!

ನಿನ್ನೆ ನಿನ್ನ ಬಟ್ಟೆಗಂಟು ಬಿಚ್ಚಿ ಒಗೆಯಲು ಕೂತೆ. ಆಫೀಸಿಗೆಂದು ನಾನೇ ಹೊಲಿದುಕೊಟ್ಟ ಬಿಳಿ ಅಂಗಿ ಸಿಕ್ಕಿತು. ಎರಡೂ ಬದಿಗೆ ಮೂರು ಮೂರು ಬೆರಳು ಒಳಗೆ ಹಿಡಿದು ಕಪ್ಪು ದಾರದಲ್ಲಿ ಹೊಲಿದಿತ್ತು. ನಿನ್ನದೇ ಹೊಲಿಗೆ, ಕೊನೆಗೆ ಗಂಟು ಹಾಕಲು ನಿನಗೆ ಎಂದೂ ಬರಲಿಲ್ಲ. ಅದರಿಂದ ಮತ್ತೆ ಎರಡು ಬೆರಳು ಒಳಗೆ ಇನ್ನೊಂದು ಸಾಲು ಹೊಲಿಗೆ.

ಯಾಕೋ ಹೀಗೆ ಮಾಡಿದೆ? ಪುತ್ತರಿ ಹಬ್ಬದ ಹೊತ್ತಿಗೆ ಬರೆದ ಕಾಗದದಲ್ಲಿ ತೂಕ ಏರಿದೆ ಎಂದಿದ್ದೆ. ಅದನ್ನು ಅವ್ವನಿಗೆ ಮೂರು ಸಲ ಓದಿ ಹೇಳಿದೆನಲ್ಲ. ನೋಡಲು ಬರಬೇಡ ಎಂದು ನೀನು ಬರೆದಾಗಲೆಲ್ಲ ನಿನಗೆ ಸೊಕ್ಕು ಎಂದು ಬೈದೆ. ಆಸ್ಪತ್ರೆಯ ಮಂಚದ ಮೇಲೆ ಒಬ್ಬನೇ ಕೂತು, ಸೂಜಿ ಚುಚ್ಚಿಸಿಕೊಂಡು, ನಿನ್ನ ಅಂಗಿಯನ್ನು ನೀನೇ ಸಣ್ಣದು ಮಾಡಿಕೊಳ್ಳುತ್ತಿದ್ದಾಗ ನಾನಿಲ್ಲಿ ಕಾಫಿ ಒಣಗಿಸುತ್ತಿದ್ದೆ. ಒಂದು ಕಾಲದಲ್ಲಿ ನಿನ್ನನ್ನು ಸೊಂಟದ ಮೇಲೆ ಹೊತ್ತು ಗದ್ದೆಯೆಲ್ಲ ತಿರುಗಿದವಳು ನಾನು. ಈಗ ನಿನಗಾಗಿ ನನ್ನ ಕೈಲಾಗುವುದು ಒಂದು ಮೆತ್ತೆ. ಅದೂ ಸರಿಯಾಗಲಿಲ್ಲ.

ಅವ್ವ ಹಟ್ಟಿಗೆ ಹೋದಾಗ ಅಂಗಿಯನ್ನು ಕುರ್ಚಿಯ ಮೇಲೆ ಹಾಸಿ ನೋಡಿದೆ. ಆಚೆ ಅರ್ಧ ಗೇಣು, ಈಚೆ ಅರ್ಧ ಗೇಣು ಬೆತ್ತ ಖಾಲಿ ಉಳಿಯಿತು. ನಿನ್ನ ಮೈಗೆ ದಾರ ತಾಗಿಸದೆಯೇ ನಿನ್ನ ಅಳತೆ ನನಗೆ ಗೊತ್ತಾಗಿಹೋಯಿತು. ಅವ್ವನಿಗೆ ಹೇಳಿಲ್ಲ. ಅಂಗಿ ಪೆಟ್ಟಿಗೆಯ ತಳದಲ್ಲಿದೆ.

ಮೆತ್ತೆಯ ಹೊಲಿಗೆ ಬಿಚ್ಚಿದೆ. ನೀನು ವಾಲದ ಹಾಗೆ ಎರಡೂ ಪಕ್ಕಕ್ಕೆ ಉದ್ದ ದಿಂಬು ಮಾಡಿದೆ. ನಡುವಿನದಕ್ಕೆ ಹತ್ತಿ ಎಷ್ಟು ಎಂಬುದೇ ತಿಳಿಯುತ್ತಿಲ್ಲ. ಅಂಗಿಯ ಅಳತೆ ಎಂದಿನದೋ! ಶುಕ್ರವಾರ ಬಸ್ಸಿಳಿಯುವಾಗ ನೀನು ಎಷ್ಟು ಉಳಿದಿರುತ್ತೀಯೋ ಎಂದುಕೊಂಡು ಒಂದು ಹಿಡಿ ತುಂಬುತ್ತೇನೆ, ಒಂದು ಹಿಡಿ ತೆಗೆಯುತ್ತೇನೆ. ಅದಕ್ಕೇ ಮೂರು ಬದಿ ಹೊಲಿದು ನಾಲ್ಕನೆಯದನ್ನು ಹಾಗೇ ಬಿಟ್ಟಿದ್ದೇನೆ. ನೀನು ಬಂದು ಕೂರು. ಕಾಲು ನೆಲಕ್ಕೆ ತಾಗದಿದ್ದರೆ ಹತ್ತಿ ತೆಗೆಯುತ್ತೇನೆ, ಸುಮ್ಮನೆ ಸರಿಯಾಗಿದೆ ಅನ್ನಬೇಡ. ಆಮೇಲೆ ಅವ್ವನ ಗಂಜಿ ಕುಡಿದು ನೀನು ದಪ್ಪಗಾದ ಹಾಗೆಲ್ಲ ಮತ್ತೆ ತುಂಬಬೇಕಲ್ಲ, ಇನ್ನೊಂದು ಕುಕ್ಕೆ ಹತ್ತಿ ಬೀಜ ಬಿಡಿಸಿ ಇಟ್ಟಿದ್ದೇನೆ.

ಬಸ್ಸಿನ ಹತ್ತಿರ ನಾಣಯ್ಯ ಗಾಡಿ ತರುತ್ತಾನೆ. ಕಾವೇರಮ್ಮ ನಿನ್ನನ್ನು ದಾರಿಯುದ್ದಕ್ಕೂ ಕಾಯಲಿ, ನನ್ನ ಆಯಸ್ಸೂ ನಿನಗೇ ಇರಲಿ.

ಸೂಜಿಗೆ ದಾರ ಪೋಣಿಸಿಟ್ಟು ಕೂತಿರುವ
ನಿನ್ನ ಅಕ್ಕ
ನೀಲಾವತಿ